ಸತ್ತ ಕುದುರೆಯ ಬಾಲವೂ ಮೊಬೈಲಿನ ರಸೀದಿಯೂ

ಅರಸೀಕೆರೆ ಜಂಕ್ಷನ್ ಊರು. ಬೆಂಗಳೂರು-ಹುಬ್ಬಳ್ಳಿ ಹಳಿಗೆ ಹಾಸನ-ಮೈಸೂರಿನ ಹಳಿ ಬಂದು ಸೇರುವುದು ಇಲ್ಲಿಯೇ. ಈ ಹಳಿಗಳ ಮೇಲೆ ತೆಂಗಿನಕಾಯಿ, ಕೊಬ್ಬರಿ ಮಾತ್ರವಲ್ಲ, ಸಂಸಾರಗಳೂ ಬಂದು ಹೋಗುತ್ತವೆ. ರೈಲ್ವೆಯವರು, ಬ್ಯಾಂಕಿನವರು, ಮೇಷ್ಟ್ರುಗಳು ವರ್ಗವಾಗಿ ಬರುತ್ತಾರೆ, ನಾಲ್ಕಾರು ವರ್ಷ ಇದ್ದು ಹೊರಡುತ್ತಾರೆ. ಹೊರಡುವಾಗ ಎಲ್ಲವನ್ನೂ ಲಾರಿಗೆ ಹೇರಲಾಗುವುದಿಲ್ಲ. ಮಂಚವನ್ನೋ ಬೀರುವನ್ನೋ ಹೊಲಿಗೆ ಯಂತ್ರವನ್ನೋ ಮಾರಲೇಬೇಕಾಗುತ್ತದೆ. ಹಿಂದೆ ಅವನ್ನು ಪಕ್ಕದ ಮನೆಯವರು ಕೊಳ್ಳುತ್ತಿದ್ದರು, ಇಲ್ಲವೆ ಗುಜರಿ ಅಂಗಡಿಯವರು ಬಂದು ನೋಡಿ ಒಯ್ಯುತ್ತಿದ್ದರು. ಈಗ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು ಹಾಕಿದರೆ ಸಾಕು, ಕೊಳ್ಳುವವರು ತಾವಾಗಿಯೇ ಕರೆ ಮಾಡುತ್ತಾರೆ.

ನಮ್ಮ ಪರಿಚಯದ ಮೇಷ್ಟ್ರೊಬ್ಬರು ಹೀಗೆಯೇ ತಮ್ಮ ಸೋಫಾ ಸೆಟ್ಟಿನ ಫೋಟೊ ಹಾಕಿದರು. ಹನ್ನೆರಡು ಸಾವಿರ ಬೆಲೆ ಹೇಳಿದ್ದರು. ಅರ್ಧ ಗಂಟೆಯೊಳಗೆ ಕರೆ ಬಂತು. ತಾನು ಸೇನೆಯಲ್ಲಿದ್ದೇನೆ, ಹತ್ತಿರದ ಊರಿಗೆ ವರ್ಗವಾಗಿದೆ, ನಾಳೆಯೇ ಗಾಡಿ ಕಳಿಸಿ ಒಯ್ಯುತ್ತೇನೆ ಎಂದ ಆ ವ್ಯಕ್ತಿ ಸಮವಸ್ತ್ರದ ಫೋಟೊವನ್ನೂ ಗುರುತಿನ ಚೀಟಿಯನ್ನೂ ಕಳಿಸಿದ. ಬೆಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಪರೀಕ್ಷೆಗೆಂದು ಐದು ರೂಪಾಯಿ ಕಳಿಸಿ ಎಂದ. ಮೇಷ್ಟ್ರು ಕಳಿಸಿದರು, ಹತ್ತು ರೂಪಾಯಿ ಮರಳಿ ಬಂತು. ಆಮೇಲೆ ಒಂದು ಕ್ಯುಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹನ್ನೆರಡು ಸಾವಿರ ನಿಮ್ಮ ಖಾತೆಗೆ ಬೀಳುತ್ತದೆ ಎಂದ. ಒತ್ತಿದರು. ಹಣ ಬೀಳಲಿಲ್ಲ, ಹೋಯಿತು. ತಪ್ಪಾಯಿತು ಸಾರ್, ಇನ್ನೊಮ್ಮೆ ಮಾಡಿ, ಎರಡೂ ಸೇರಿ ಬರುತ್ತದೆ ಎಂದ. ಹೀಗೆ ಮೂರು ಸಲ ಆಗಿ ಮೂವತ್ತಾರು ಸಾವಿರ ಹೋಯಿತು. ಆಮೇಲೆ ಆ ನಂಬರ್ ಸ್ವಿಚ್ಡ್ ಆಫ್.

ಮೇಷ್ಟ್ರು ನಾಲ್ಕು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೆಂಡತಿಗೆ ಗೊತ್ತಾದುದು ಬ್ಯಾಂಕಿನ ಪಾಸ್‌ಬುಕ್ ನೋಡಿದಾಗ. ಕೊನೆಗೆ ಸೋಫಾವನ್ನು ಒಯ್ಯಲು ಬಂದ ಗುಜರಿ ಅಂಗಡಿಯ ಹಿರಿಯರು ಕತೆ ಕೇಳಿ ಒಂದು ಮಾತು ಹೇಳಿದರಂತೆ: ‘ಮೇಷ್ಟ್ರೇ, ನೋಡ್ದೆ ಇರೋ ಮಾಲಿಗೆ ಚೌಕಾಸಿ ಮಾಡ್ದೆ ಒಪ್ಕೊಳೋನು ಕೊಳ್ಳೋಕೆ ಬಂದೋನಲ್ಲ. ನಾನು ನಲವತ್ತು ವರ್ಷದಿಂದ ಹಳೇ ಸಾಮಾನು ತಗೋತಾ ಇದೀನಿ, ಒಂದ್ ದಿನಾನೂ ಹೇಳಿದ್ ಬೆಲೆಗೆ ತಗೊಂಡಿಲ್ಲ.’

ಈ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಸುಳ್ಳು ಕೊಳ್ಳುಗ ಮೊಬೈಲಿನ ಜೊತೆಗೆ ಹುಟ್ಟಿದವನಲ್ಲ. ಅವನನ್ನು ಗುರುತಿಸುವ ವಿದ್ಯೆಯೂ ಇಂದಿನದಲ್ಲ. ಸಂತೆ, ಬಂದರು, ಮಂಡಿಗಳಲ್ಲಿ ಮಾರುವವರು ಶತಮಾನಗಳ ಕಾಲ ಕಲಿತ ಪಾಠ ಅದು. ಅದನ್ನು ನಾವು ಎಲ್ಲಿ ಕಲಿತಿದ್ದೆವು, ಎಲ್ಲಿ ಮರೆತೆವು ಎಂದು ನೋಡುವುದು ಈ ಲೇಖನದ ಉದ್ದೇಶ.

ಸಂತೆಯೆಂಬ ಸಾಕ್ಷಿ

ಬೇಲೂರು, ಹಳೇಬೀಡುಗಳನ್ನು ನೋಡಲು ಹೊರಟವರು ಅರಸೀಕೆರೆಯಲ್ಲಿ ಇಳಿದು ಮುಂದೆ ಹೋಗುತ್ತಾರೆ. 2023ರಲ್ಲಿ ಯುನೆಸ್ಕೊ ಆ ಎರಡು ಊರುಗಳ ದೇವಾಲಯಗಳನ್ನು ಸೋಮನಾಥಪುರದ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಅಂಥವರ ಗಮನ ಇನ್ನಷ್ಟು ಅತ್ತ ಹರಿದಿದೆ. ಅರಸೀಕೆರೆಯ ಹಳೆಯ ಹಿರಿಮೆ ಮಾತ್ರ ಅವರ ಕಣ್ಣಿಗೆ ಬೀಳುವುದು ಕಡಿಮೆ. ಹೊಯ್ಸಳರ ಕಾಲದಲ್ಲಿ ಇದು ‘ಅರಸಿಯಕೆರೆ’. ಇಲ್ಲಿನ ಈಶ್ವರ ದೇವಾಲಯವೂ, ಇಮ್ಮಡಿ ಬಲ್ಲಾಳನ ಆಶ್ರಯದಲ್ಲಿದ್ದ ರೇಚರಸನು 1220ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಊರಿನ ಅಂದಿನ ಸಿರಿವಂತಿಕೆಗೆ ಸಾಕ್ಷಿಯಾಗಿ ನಿಂತಿವೆ. ಶೈವರೂ ಜೈನರೂ ಒಂದೇ ಕಾಲದಲ್ಲಿ ಇಷ್ಟು ದೊಡ್ಡ ಕಟ್ಟಡಗಳನ್ನು ಎಬ್ಬಿಸಬೇಕಾದರೆ ಊರಿನಲ್ಲಿ ವ್ಯಾಪಾರ ಚೆನ್ನಾಗಿದ್ದಿರಲೇಬೇಕು.

ಆ ಕಾಲದ ವ್ಯಾಪಾರ ಒಂಟಿ ಮನುಷ್ಯನ ಕೆಲಸವಾಗಿರಲಿಲ್ಲ. ಅಯ್ಯಾವೊಳೆ ಐನೂರ್ವರು, ನಾನಾದೇಶಿಗಳು ಎಂಬ ವರ್ತಕ ಸಂಘಗಳಿದ್ದವು. ಅವರು ತಮ್ಮ ಕಟ್ಟುಪಾಡನ್ನು ‘ಬಣಂಜು ಧರ್ಮ’ ಎಂದು ಕರೆದುಕೊಳ್ಳುತ್ತಿದ್ದರು. ಪೇಟೆಯ ಊರಿಗೆ ಪಟ್ಟಣಸ್ವಾಮಿ ಎಂಬ ಮುಖ್ಯಸ್ಥನಿರುತ್ತಿದ್ದ. ಸಂತೆ ಕಟ್ಟುವುದು, ಅದನ್ನು ನಡೆಸುವುದು ಗೌರವದ ಹೊಣೆಯಾಗಿತ್ತು. ಕೊಳ್ಳಲು ಬಂದವನಿಗೆ ಒಂದು ಊರು, ಒಂದು ಕುಲ, ಒಂದು ಸಂಘ ಇರುತ್ತಿತ್ತು. ಅವನು ಮೋಸ ಮಾಡಿದರೆ ಹೆಸರು ಕೆಡುತ್ತಿದ್ದುದು ಅವನದಷ್ಟೇ ಅಲ್ಲ, ಅವನ ಬೆನ್ನಿಗಿದ್ದವರದೂ ಹೌದು.

ಈ ಸೀಮೆಯ ದನದ ಸಂತೆಗಳಲ್ಲಿ ಆ ಪದ್ಧತಿಯ ನೆರಳನ್ನು ನಮ್ಮ ಅಜ್ಜಂದಿರೂ ಕಂಡಿದ್ದಾರೆ. ಟಿಪ್ಪು ಸುಲ್ತಾನರ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆದ ರಾಸುಗಳ ಕಾವಲುಗಳು ಈ ಭಾಗದಲ್ಲಿದ್ದವು. ದನದ ವ್ಯಾಪಾರ ಇಲ್ಲಿನ ಜನರಿಗೆ ರಕ್ತಗತ. ಎತ್ತು ಕೊಳ್ಳಲು ಬಂದವನು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ, ಮೈಮೇಲಿನ ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ. ಆಮೇಲೆ ಬೆಲೆಯ ಬಗ್ಗೆ ಜಗಳವಾಡುತ್ತಿದ್ದ. ನಡುವೆ ದಲ್ಲಾಳಿ, ಸುತ್ತ ಹತ್ತು ಜನ. ಹಣ ಎಣಿಸಿ ಕೈಗೆ ಬಂದ ಮೇಲೆಯೇ ಹಗ್ಗ ಕೈ ಬದಲಾಗುತ್ತಿತ್ತು.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಕೊಳ್ಳುವವನ ಅನುಮಾನವೇ ಮಾರುವವನಿಗೆ ನಂಬಿಕೆ ಹುಟ್ಟಿಸುತ್ತಿತ್ತು. ಹಲ್ಲು ನೋಡುವವನು ನಿಜವಾಗಿ ಎತ್ತು ಬೇಕಾದವನು. ಹಲ್ಲು ನೋಡದೆ, ಚೌಕಾಸಿ ಮಾಡದೆ, ಕೇಳಿದ್ದನ್ನು ಕೊಡುತ್ತೇನೆ ಎಂದವನ ಕಡೆಗೆ ಇಡೀ ಸಂತೆ ತಿರುಗಿ ನೋಡುತ್ತಿತ್ತು. ಗುಜರಿ ಅಂಗಡಿಯ ಹಿರಿಯರು ಮೇಷ್ಟ್ರಿಗೆ ಹೇಳಿದ್ದು ಇದನ್ನೇ.

ಏಲಕ್ಕಿಯ ಮುಂಗಡ

ಹೊಯ್ಸಳರ ಕಾಲದಲ್ಲಿಯೇ ಘಟ್ಟದ ಕೆಳಗೆ, ಮಂಗಳೂರಿನ ಬಂದರಿನಲ್ಲಿ ನಡೆದ ಒಂದು ಮೋಸದ ಪ್ರಕರಣಕ್ಕೆ ಬರಹದ ದಾಖಲೆಯೇ ಉಳಿದಿದೆ. ಟ್ಯುನೀಸಿಯಾ ಮೂಲದ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿಗೆ ಬಂದು, 1149ರವರೆಗೆ, ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿ ನೆಲೆಸಿದ್ದ. ಅವನ ಪಾಲುದಾರರು ಏಡನ್ ಬಂದರಿನಲ್ಲಿದ್ದರು. ಅವರ ನಡುವಿನ ಪತ್ರಗಳು ಅರಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದಂಥವು. ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯದ ಕೋಣೆಯೊಂದರಲ್ಲಿ ಅವು ನೂರಾರು ವರ್ಷ ಬಿದ್ದಿದ್ದವು. ಎಸ್.ಡಿ. ಗೊಯಿಟೈನ್ ಎಂಬ ವಿದ್ವಾಂಸರು ಅವನ್ನು ಓದಿ ಜೋಡಿಸಿದರು. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಕೃತಿಯ ಮೂಲಕ ಅವು ಸಾಮಾನ್ಯ ಓದುಗರನ್ನೂ ತಲುಪಿದವು.

ಆ ಪತ್ರಗಳಲ್ಲಿ ‘ಕಾರ್ದಾರ’ ಎಂದು ಕರೆಸಿಕೊಂಡ ಒಬ್ಬ ಸ್ಥಳೀಯ ದಲ್ಲಾಳಿಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಏಲಕ್ಕಿ ತಂದುಕೊಡುತ್ತೇನೆಂದು ಅವನು ಮುಂಗಡ ಹಣ ಪಡೆದ. ಏಲಕ್ಕಿಯೂ ಬರಲಿಲ್ಲ, ಹಣವೂ ಬರಲಿಲ್ಲ. ಏಡನ್‌ನಿಂದ ಒಂದರ ಹಿಂದೊಂದು ಪತ್ರ ಬಂದವು. ಅಷ್ಟು ದೂರದಲ್ಲಿದ್ದವರಿಗೆ ಇಲ್ಲಿ ಪೊಲೀಸರಿರಲಿಲ್ಲ, ನ್ಯಾಯಾಲಯವಿರಲಿಲ್ಲ. ಅವರು ಸೂಚಿಸಿದ ಉಪಾಯ ಕುತೂಹಲಕರ. ಮಾತು ತಪ್ಪಿದವನನ್ನು ತಮ್ಮ ಊರಿನಲ್ಲಿ ಬಹಿರಂಗವಾಗಿ ಖಂಡಿಸುವ ರೂಢಿಯಿದೆ, ಖಂಡನಾ ಪತ್ರವನ್ನೇ ಕಳಿಸುತ್ತೇವೆ ಎಂದು ಅವನನ್ನು ಹೆದರಿಸು ಎಂದು ಅವರು ಬರೆದರು. ಸಮುದ್ರದಾಚೆಯ ವರ್ತಕರ ಕೈಯಲ್ಲಿದ್ದ ಆಯುಧ ಒಂದೇ, ಹೆಸರು ಕೆಡಿಸುವುದು. ಹೆಸರಿಗೆ ಬೆಲೆಯಿದ್ದ ಲೋಕದಲ್ಲಿ ಅದು ಸಣ್ಣ ಆಯುಧವೇನಲ್ಲ.

ಮುಂಗಡ ಹಣಕ್ಕೆ ಕನ್ನಡದಲ್ಲಿ ‘ಸಂಚಕಾರ’ ಎಂಬ ಹಳೆಯ ಶಬ್ದವಿದೆ. ಇಂದು ನಾವು ಅದನ್ನು ಆ ಅರ್ಥದಲ್ಲಿ ಬಳಸುವುದು ಅಪರೂಪ. ಪ್ರಾಣಕ್ಕೆ ಸಂಚಕಾರ, ಮಾನಕ್ಕೆ ಸಂಚಕಾರ ಎನ್ನುತ್ತೇವೆ. ಮುಂಗಡವೆಂಬ ಅರ್ಥದ ಶಬ್ದ ಅಪಾಯವೆಂಬ ಅರ್ಥದಲ್ಲಿ ನಿಂತುಹೋದುದು ಮೇಷ್ಟ್ರ ಕತೆ ಕೇಳಿದವರಿಗೆ ವಿಚಿತ್ರವೆನಿಸಲಾರದು.

ಬಾಲ ತೋರಿಸಿದರೆ ಹಣ

ಪಶ್ಚಿಮದ ಬಂದರುಗಳಿಂದ ಘಟ್ಟ ಹತ್ತಿ ಬರುತ್ತಿದ್ದ ಸರಕುಗಳಲ್ಲಿ ಅತ್ಯಂತ ಬೆಲೆಬಾಳುತ್ತಿದ್ದುದು ಕುದುರೆ. ಅರೇಬಿಯಾ, ಪರ್ಶಿಯಾಗಳಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳಿಲ್ಲದೆ ದಕ್ಷಿಣದ ಯಾವ ಅರಸನ ಸೈನ್ಯವೂ ನಡೆಯುತ್ತಿರಲಿಲ್ಲ. ಹೊಯ್ಸಳರಿಗೂ ಬೇಕಿತ್ತು, ಅವರ ನಂತರ ವಿಜಯನಗರದವರಿಗೂ ಬೇಕಿತ್ತು.

16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಅದಕ್ಕೂ ಹಿಂದಿನ ಸಾಳುವ ನರಸಿಂಹನ ಬಗ್ಗೆ ಒಂದು ಸ್ವಾರಸ್ಯಕರ ಸಂಗತಿ ಬರೆದಿಟ್ಟಿದ್ದಾನೆ. ಹೋರ್ಮುಜ್, ಏಡನ್‌ಗಳಿಂದ ಕುದುರೆ ತರುವ ವರ್ತಕರಿಗೆ ಆ ಅರಸ ಕೇಳಿದ ಬೆಲೆ ಕೊಡುತ್ತಿದ್ದನಂತೆ. ಬದುಕಿದ ಕುದುರೆಗೆ ಮಾತ್ರವಲ್ಲ, ದಾರಿಯಲ್ಲಿ ಸತ್ತ ಕುದುರೆಗೂ ಹಣ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು, ಬದುಕಿದ ಕುದುರೆಗೆ ಕೊಡುವಷ್ಟೇ ಹಣ ಎಣಿಸುತ್ತಿದ್ದರು.

ಅರಸನಿಗೆ ಇದು ಲೆಕ್ಕ ಹಾಕಿ ಮಾಡಿದ ಔದಾರ್ಯ. ಕುದುರೆ ತನ್ನ ಶತ್ರುವಿನ ಕೈಗೆ ಹೋಗದೆ ತನ್ನ ಬಳಿಗೇ ಬರಬೇಕೆಂಬ ಆಸೆಗೆ ಅವನು ಆ ನಷ್ಟವನ್ನು ಹೊತ್ತುಕೊಂಡ. ಆದರೆ ಆ ಬಾಲದ ಬಗ್ಗೆ ಸ್ವಲ್ಪ ಯೋಚಿಸಬೇಕು. ಅದು ಕುದುರೆಯಲ್ಲ, ಕುದುರೆ ಇತ್ತು ಎಂಬುದಕ್ಕೆ ಪುರಾವೆ. ಅರಸ ಕೊಂಡದ್ದು ಪುರಾವೆಯನ್ನು. ಅವನ ಬೊಕ್ಕಸಕ್ಕೆ ಅದು ತಾಳುತ್ತಿತ್ತು. ನಮ್ಮಂತಹ ಸಂಬಳದವರಿಗೆ ತಾಳುವುದಿಲ್ಲ. ಮೇಷ್ಟ್ರಿಗೆ ಬಂದ ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಹತ್ತು ರೂಪಾಯಿಯ ಪಾವತಿ ಇವೆಲ್ಲವೂ ಬಾಲಗಳೇ. ಕುದುರೆ ಎಲ್ಲಿಯೂ ಇರಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ಭಾಷೆಯ ಇನ್ನೊಂದು ಶಬ್ದವನ್ನು ನೆನೆಯಬೇಕು. ಕನ್ನಡದ ಪೇಟೆಯ ಮಾತಿನಲ್ಲಿ ಅರಬಿ, ಪಾರ್ಸಿ ಶಬ್ದಗಳು ಹಾಸುಹೊಕ್ಕಾಗಿವೆ. ದಲ್ಲಾಳಿ, ಹರಾಜು, ಜಾಮೀನು, ನಗದು, ಬಾಕಿ, ಖರೀದಿ, ವಸೂಲಿ, ಅಸಲು ಮುಂತಾದವು ಮುಸ್ಲಿಮರಷ್ಟೇ ಬಳಸುವ ಶಬ್ದಗಳಲ್ಲ, ಇಡೀ ನಾಡಿನವು. ಮಸೀದಿಯ ಮಗ್ಗುಲಿನಲ್ಲಿಯೂ ಗುಡಿಯ ಮಗ್ಗುಲಿನಲ್ಲಿಯೂ ವ್ಯಾಪಾರ ಈ ಶಬ್ದಗಳಲ್ಲಿಯೇ ನಡೆದಿದೆ. ಅವುಗಳಲ್ಲಿ ‘ರಸೀದಿ’ ಒಂದು. ಪಾರ್ಸಿಯಲ್ಲಿ ಅದರ ಮೂಲಾರ್ಥ ‘ಬಂದು ಮುಟ್ಟಿತು’ ಎಂದು. ಹಣ ಅಥವಾ ಮಾಲು ಮುಟ್ಟಿದ ಮೇಲೆ, ಮುಟ್ಟಿಸಿಕೊಂಡವನು ಬರೆದುಕೊಡುವುದು ರಸೀದಿ. ಇಂದಿನ ಮೋಸಗಾರ ಮಾಡುವುದು ಇದರ ತಿರುಗುಮುರುಗು. ಮುಟ್ಟದ ಹಣಕ್ಕೆ, ಕಳಿಸದವನೇ ರಸೀದಿ ಕಳಿಸುತ್ತಾನೆ. ಪಾವತಿ ಯಶಸ್ವಿ ಎಂಬ ಹಸಿರು ಗುರುತಿನ ಚಿತ್ರ ಮೊಬೈಲಿಗೆ ಬರುತ್ತದೆ. ರಸೀದಿ ಯಾರು ಕೊಡಬೇಕು ಎಂಬುದನ್ನು ನೆನಪಿಟ್ಟವನು ಅದನ್ನು ನಂಬುವುದಿಲ್ಲ.

ಮಾರುವವನ ಹಕ್ಕು

ವ್ಯಾಪಾರದ ನೀತಿಯೆಂದರೆ ಕೊಳ್ಳುವವನನ್ನು ಮಾರುವವನಿಂದ ಕಾಪಾಡುವುದು ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇಸ್ಲಾಮಿನ ಬೋಧನೆಯನ್ನೂ ನಾವು ಹೆಚ್ಚಾಗಿ ಹಾಗೆಯೇ ಹೇಳುತ್ತೇವೆ. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಕಂಡು, ವಂಚಿಸುವವನು ನಮ್ಮವನಲ್ಲ ಎಂಬರ್ಥದಲ್ಲಿ ಎಚ್ಚರಿಸಿದ ಘಟನೆ ನಮ್ಮ ಓದುಗರಿಗೆ ಪರಿಚಿತ. ಅಳತೆ ತೂಕಗಳಲ್ಲಿ ಕಡಿಮೆ ಮಾಡುವವರ ಬಗ್ಗೆ ಪವಿತ್ರ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವೇ ಇದೆ.

ಆದರೆ ಮಾರುವವನನ್ನು ಕೊಳ್ಳುವವನಿಂದ ಕಾಪಾಡುವ ನಿಯಮಗಳೂ ಅಲ್ಲಿ ಅಷ್ಟೇ ಸ್ಪಷ್ಟವಾಗಿವೆ. ಹಳ್ಳಿಗಾಡಿನಿಂದ ಸರಕು ಹೊತ್ತು ಬರುವವರನ್ನು ಪಟ್ಟಣದ ಚತುರರು ದಾರಿಯಲ್ಲಿಯೇ ಎದುರುಗೊಂಡು, ಪೇಟೆಯ ಬೆಲೆ ತಿಳಿಯುವ ಮೊದಲೇ ಕೊಂಡುಬಿಡುತ್ತಿದ್ದರು. ಪ್ರವಾದಿ(ಸ)ರು ಇದನ್ನು ನಿಷೇಧಿಸಿದರು. ಹಾಗೆ ಮಾರಿದವನು ಪೇಟೆಗೆ ಬಂದು ಬೆಲೆ ತಿಳಿದ ಮೇಲೆ ಆ ವ್ಯಾಪಾರವನ್ನು ಮುರಿಯುವ ಹಕ್ಕುಳ್ಳವನೆಂದರು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸುವ ಸುಳ್ಳು ಕೂಗನ್ನೂ ತಡೆದರು. ಮಾರುವವನೂ ಕೊಳ್ಳುವವನೂ ಒಬ್ಬರನ್ನೊಬ್ಬರು ಅಗಲುವವರೆಗೆ ಇಬ್ಬರಿಗೂ ಮನಸ್ಸು ಬದಲಿಸುವ ಸ್ವಾತಂತ್ರ್ಯವಿದೆ ಎಂದರು. ಫಿಕ್ಹ್‌ನ ವಿದ್ವಾಂಸರು ಇದನ್ನು ‘ಖಿಯಾರ್’ ಎಂದು ಕರೆದು ಅದರ ಬಗೆಗಳನ್ನು ವಿವರಿಸಿದ್ದಾರೆ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬ ಆದೇಶ ಕುರ್‌ಆನ್‌ನ ಅತಿ ದೀರ್ಘ ಸೂಕ್ತದಲ್ಲಿದೆ. ನಂಬಿಕಸ್ಥರಾದ ಮಾತ್ರಕ್ಕೆ ಬರೆದಿಡುವುದು ಬೇಡ ಎಂದು ಅಲ್ಲಿ ಹೇಳಿಲ್ಲ ಎಂಬುದು ಗಮನಾರ್ಹ.

ಈ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವೆಲ್ಲ ಮೂರು ವಿಷಯಗಳನ್ನು ಕಾಯುತ್ತವೆ: ಎದುರು-ಬದುರು ಇರುವುದು, ಯೋಚಿಸಲು ಸಮಯವಿರುವುದು, ಮೂರನೆಯವರು ನೋಡುತ್ತಿರುವುದು. ಮೋಸಗಾರನಿಗೆ ಬೇಡವಾದುವೂ ಈ ಮೂರೇ. ಮನೆಯಲ್ಲಿ ಒಂಟಿಯಾಗಿರುವವರನ್ನು, ಪೇಟೆಗೆ ಹೋಗಿ ವಿಚಾರಿಸುವ ಮೊದಲೇ ಫೋನಿನಲ್ಲಿ ಹಿಡಿದು, ಈಗಲೇ ಮುಗಿಸಿ ಎಂದು ಅವಸರಪಡಿಸುವವನು ಅಂದು ದಾರಿಯಲ್ಲಿ ಕಾದು ನಿಂತಿದ್ದವನ ವಂಶಸ್ಥನೇ.

ಕೊಬ್ಬರಿ ಮಂಡಿಯ ಪಾಠ

ಮತ್ತೆ ಅರಸೀಕೆರೆಗೆ ಬರೋಣ. ಇಲ್ಲಿನ ರೈತನೂ ಮೂಲತಃ ಮಾರುವವನು. ತೆಂಗಿನಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾನೆ. ವರ್ಷದ ದುಡಿಮೆ ಒಂದು ದಿನದ ಮಾರಾಟದಲ್ಲಿ ತೀರ್ಮಾನವಾಗುತ್ತದೆ.

ಹಳೆಯ ಮಂಡಿಗಳಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ದೇಶದ ಅನೇಕ ಕಡೆ ಇತ್ತು. ದಲ್ಲಾಳಿಗೂ ಕೊಳ್ಳುವವನಿಗೂ ತಿಳಿದ ಬೆಲೆ, ಪಕ್ಕದಲ್ಲಿಯೇ ನಿಂತ ರೈತನಿಗೆ ತಿಳಿಯುತ್ತಿರಲಿಲ್ಲ. ಮಾದರಿಯೆಂದು ಹಿಡಿಯಷ್ಟು ತೆಗೆಯುವುದು, ತೂಕದಲ್ಲಿ ಕಳೆಯುವುದು, ಹಣಕ್ಕೆ ನಾಳೆ ಬಾ ಎನ್ನುವುದು ಇವೆಲ್ಲ ಇದ್ದವು. ಮೋಸ ಮಾಡುತ್ತಿದ್ದವನು ಇಲ್ಲಿಯೂ ಕೊಳ್ಳುವವನೇ.

ಇದನ್ನು ತಡೆಯಲು ಬಹಳ ಕಾಲ ಹಿಡಿಯಿತು. 1886ರಲ್ಲಿ ಬೀರಾರ್ ಪ್ರಾಂತದ ಕಾರಂಜಾದಲ್ಲಿ ಹತ್ತಿಗೆ ನಿಯಂತ್ರಿತ ಮಾರುಕಟ್ಟೆ ಆರಂಭವಾಯಿತು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ಇಂತಹ ಮಾರುಕಟ್ಟೆಗಳನ್ನು ದೇಶದೆಲ್ಲೆಡೆ ತೆರೆಯಬೇಕೆಂದಿತು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಕಾಯ್ದೆ ಬಂತು. ಏಕೀಕರಣದ ನಂತರ 1966ರ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ ತಂದಿತು. ಲೈಸೆನ್ಸ್ ಪಡೆದ ಕೊಳ್ಳುಗ, ಪರೀಕ್ಷಿಸಿದ ತಕ್ಕಡಿ, ಎಲ್ಲರಿಗೂ ತಿಳಿಯುವ ಬೆಲೆ ಇವು ಅದರ ತಿರುಳು. 2014ರಲ್ಲಿ ಕರ್ನಾಟಕವು ಈ ಮಾರುಕಟ್ಟೆಗಳನ್ನು ಕಂಪ್ಯೂಟರಿನ ಏಕೀಕೃತ ವೇದಿಕೆಯೊಂದಕ್ಕೆ ಜೋಡಿಸತೊಡಗಿತು. ಕೊಳ್ಳುವವನು ಎದುರಿಗಿಲ್ಲದಿದ್ದರೂ ಅವನು ಯಾರೆಂಬುದು ದಾಖಲಾಗಿರುವ ವ್ಯವಸ್ಥೆ ಅದು.

ಈ ವ್ಯವಸ್ಥೆಯ ಕುಂದುಗಳ ಬಗ್ಗೆ ರೈತರಿಗೆ ಸಾಕಷ್ಟು ದೂರುಗಳಿವೆ, ಅವು ಬೇರೆಯೇ ಚರ್ಚೆಯ ವಿಷಯ. ನಮ್ಮ ಪ್ರಸ್ತುತ ಮಾತಿಗೆ ಬೇಕಾದುದು ಇಷ್ಟು: ರೈತನ ಮಾರಾಟಕ್ಕೆ ಟವೆಲ್ಲನ್ನು ಎತ್ತಿ ಬೆಳಕು ಹರಿಸುವ ಪ್ರಯತ್ನ ನೂರು ವರ್ಷಕ್ಕೂ ಮಿಗಿಲಾಗಿ ನಡೆದಿದೆ. ಮನೆಯ ಹಳೆಯ ಸೋಫಾ ಮಾರುವವರಿಗೆ ಅಂತಹ ರಕ್ಷಣೆ ಕಟ್ಟಿಕೊಟ್ಟವರಿಲ್ಲ. ಅಪರಿಚಿತನ ಫೋನ್ ಕರೆಯೆಂಬುದು ಇಂದಿನ ಟವೆಲ್ಲು.

ಜಾಹೀರಾತಿನಿಂದ ಕ್ಯುಆರ್ ಕೋಡಿಗೆ

ಹಳೆಯ ಸಾಮಾನಿನ ಮಾರಾಟಕ್ಕೆ ಮೊದಲು ಪತ್ರಿಕೆಗಳ ವರ್ಗೀಕೃತ ಜಾಹೀರಾತು ಬಂತು. ‘ಮಾರಾಟಕ್ಕಿದೆ’ ಎಂಬ ಎರಡು ಸಾಲು, ಕೆಳಗೆ ವಿಳಾಸ. ಓದಿದವನು ಮನೆಗೇ ಬರಬೇಕಿತ್ತು. ಓಎಲ್‌ಎಕ್ಸ್, ಕ್ವಿಕರ್‌ಗಳಂತಹ ತಾಣಗಳು ಈ ಶತಮಾನದ ಮೊದಲ ದಶಕದಲ್ಲಿ ಬಂದವು. ಆಗಲೂ ಹಣ ಕೈಯಿಂದ ಕೈಗೇ ಹೋಗುತ್ತಿತ್ತು. ನಿಜವಾದ ಬದಲಾವಣೆಯಾದುದು 2016ರ ಏಪ್ರಿಲ್‌ನಲ್ಲಿ ಯುಪಿಐ ಬಂದ ಮೇಲೆ. ಬಡವನ ಕೈಗೂ ಬ್ಯಾಂಕನ್ನು ತಂದುಕೊಟ್ಟ ಉಪಕಾರ ಅದರದು. ಹಾಗೆಯೇ, ಮಾಲು ನೋಡುವ ಮೊದಲೇ ಹಣದ ಮಾತಾಡುವ ಅವಕಾಶವನ್ನೂ ಅದು ತೆರೆಯಿತು.

ಮೋಸದ ಉಪಾಯಗಳಲ್ಲಿ ಹೊಸತೇನಿಲ್ಲ. ಮಧ್ಯ ಕರ್ನಾಟಕದಲ್ಲಿ ಪಾಯ ಅಗೆಯುವಾಗ ಚಿನ್ನದ ನಾಣ್ಯ ಸಿಕ್ಕಿದೆ ಎಂದು ನಂಬಿಸಿ ದೋಚುವ ಪ್ರಕರಣಗಳು ವರ್ಷವರ್ಷವೂ ಪತ್ರಿಕೆಯಲ್ಲಿ ಬರುತ್ತವೆ. ಅಲ್ಲಿಯೂ ಮೊದಲು ಕೊಡುವ ಒಂದೆರಡು ನಾಣ್ಯ ಅಸಲಿ. ಅಕ್ಕಸಾಲಿಗನಲ್ಲಿ ಒರೆಗೆ ಹಚ್ಚಿಸಿ ನೋಡಿ ಎಂದು ಅವರೇ ಹೇಳುತ್ತಾರೆ. ಆಮೇಲಿನ ಚೀಲದಲ್ಲಿರುವುದು ಹಿತ್ತಾಳೆ. ಮೇಷ್ಟ್ರಿಗೆ ಬಂದ ಹತ್ತು ರೂಪಾಯಿ ಆ ಅಸಲಿ ನಾಣ್ಯ.

ಸೇನೆಯವನೆಂದು ಹೇಳಿಕೊಳ್ಳುವುದೂ ಲೆಕ್ಕಾಚಾರದ ಮಾತು. ಜನ ಅನುಮಾನಿಸಲು ಹಿಂಜರಿಯುವ ವೇಷ ಯಾವುದೋ ಅದನ್ನೇ ಮೋಸಗಾರ ತೊಡುತ್ತಾನೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಹೊರತಂದ ಎಚ್ಚರಿಕೆಯ ಕೈಪಿಡಿಯಲ್ಲಿ ಈ ವೇಷದ ಪ್ರಸ್ತಾಪವೇ ಇದೆ. ಆನ್‌ಲೈನ್ ಮಾರಾಟ ತಾಣಗಳಲ್ಲಿ ಕೊಳ್ಳುವವರಂತೆ ನಟಿಸುವವರಲ್ಲಿ ಅನೇಕರು ದೂರದ ಠಾಣ್ಯದ ಸೈನಿಕರೆಂದು ಹೇಳಿಕೊಳ್ಳುತ್ತಾರೆ ಎಂದು ಅದು ಎಚ್ಚರಿಸಿತು.

ವ್ಯವಸ್ಥೆಯೂ ಸ್ವಲ್ಪ ಎಚ್ಚೆತ್ತಿದೆ. ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ‘ಹಣ ಕೊಡು’ ಎಂಬ ಕೋರಿಕೆಯನ್ನು ಯುಪಿಐ ಮೂಲಕ ಕಳಿಸುವ ಸೌಲಭ್ಯ ಈ ಮೋಸಕ್ಕೆ ಬಹಳ ಬಳಕೆಯಾಗಿತ್ತು. ಬರುವ ಹಣವೆಂದು ನಂಬಿಸಿ, ಕೊಡುವ ಕೋರಿಕೆಗೆ ಒಪ್ಪಿಗೆ ಒತ್ತಿಸುತ್ತಿದ್ದರು. 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಲಾಗಿದೆ. ಒಂದು ಬಾಗಿಲು ಮುಚ್ಚಿತು. ಆದರೆ ಕ್ಯುಆರ್ ಕೋಡ್, ನಕಲಿ ಸಂದೇಶ, ಹುಸಿ ಲಿಂಕ್‌ಗಳ ಬಾಗಿಲುಗಳು ತೆರೆದೇ ಇವೆ.

ಗುರುತಿಸುವ ಬಗೆ

ಹಾಗಾದರೆ ಸುಳ್ಳು ಕೊಳ್ಳುಗನನ್ನು ಗುರುತಿಸುವುದು ಹೇಗೆ? ಸಂತೆಯ ಹಿರಿಯರ ಕಣ್ಣಿನಿಂದಲೇ ನೋಡೋಣ.

ಮೊದಲನೆಯದಾಗಿ, ಅವನು ಮಾಲಿನ ಬಗ್ಗೆ ಕೇಳುವುದಿಲ್ಲ. ಎಷ್ಟು ವರ್ಷ ಹಳೆಯದು, ಎಲ್ಲಿ ಹರಿದಿದೆ, ಎಷ್ಟಕ್ಕೆ ಬಿಡುತ್ತೀರಿ ಎಂಬ ಮಾತಿಲ್ಲ. ಎತ್ತಿನ ಹಲ್ಲು ನೋಡದವನು ಅವನು. ಅವನ ಮಾತೆಲ್ಲ ನಿಮ್ಮ ಬ್ಯಾಂಕು, ನಿಮ್ಮ ಆ್ಯಪ್, ನಿಮ್ಮ ನಂಬರಿನ ಸುತ್ತಲೇ.

ಎರಡನೆಯದಾಗಿ, ಅವನು ಬರುವುದಿಲ್ಲ. ಗಾಡಿ ಬರುತ್ತದೆ, ಆಳು ಬರುತ್ತಾನೆ, ತಾನು ಮಾತ್ರ ಬರಲಾರ. ಬರುವವರೆಗೆ ಕಾಯುತ್ತೇನೆ, ಹಣ ಆಗಲೇ ಕೊಡಿ ಎಂದರೆ ಅವನ ಸ್ವರವೇ ಬದಲಾಗುತ್ತದೆ.

ಮೂರನೆಯದಾಗಿ, ಕೇಳದ ಪುರಾವೆಗಳನ್ನು ಕೊಡುತ್ತಾನೆ. ಗುರುತಿನ ಚೀಟಿ, ಸಮವಸ್ತ್ರ, ಕ್ಯಾಂಟೀನ್ ಕಾರ್ಡು ಎಲ್ಲವನ್ನೂ ಕಳಿಸುತ್ತಾನೆ. ನಿಜವಾದ ಕೊಳ್ಳುಗ ಹಳೆಯ ಮಂಚಕ್ಕೆ ಯಾಕೆ ಇಷ್ಟೆಲ್ಲ ತೋರಿಸುತ್ತಾನೆ?

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಇರುವುದು ಕೊಡುವುದಕ್ಕೆ. ಹಣ ಬರಬೇಕಾದವನು ಸ್ಕ್ಯಾನ್ ಮಾಡುವುದೂ ಇಲ್ಲ. ತನ್ನ ಕೋಡನ್ನು ತೋರಿಸುತ್ತಾನೆ, ಕೊಡುವವನು ಸ್ಕ್ಯಾನ್ ಮಾಡುತ್ತಾನೆ. ಇದೊಂದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ಬಾಯಿಪಾಠ ಮಾಡಿಸಿದರೆ ಅರ್ಧ ಮೋಸ ಅಲ್ಲಿಯೇ ನಿಲ್ಲುತ್ತದೆ.

ಐದನೆಯದಾಗಿ, ಸ್ಕ್ರೀನ್‌ಶಾಟ್ ರಸೀದಿಯಲ್ಲ. ಹಣ ಬಂದಿದೆ ಎಂಬ ಎಸ್ಸೆಮ್ಮೆಸ್ ಕೂಡ ರಸೀದಿಯಲ್ಲ, ಅದನ್ನೂ ನಕಲು ಮಾಡುತ್ತಾರೆ. ನೀವೇ ನಿಮ್ಮ ಖಾತೆಯ ಶಿಲ್ಕು ನೋಡಿದ ಮೇಲೆ ಮಾತ್ರ ಹಣ ಮುಟ್ಟಿದಂತೆ. ತಪ್ಪಿ ಹೆಚ್ಚು ಕಳಿಸಿಬಿಟ್ಟೆ, ಉಳಿದದ್ದನ್ನು ವಾಪಸ್ ಹಾಕಿ ಎಂಬ ಗೋಳಾಟಕ್ಕೂ ಇದೇ ಉತ್ತರ. ಇಂದು ಕಿರಾಣಿ ಅಂಗಡಿಗಳಲ್ಲಿ ಬಂದ ಹಣವನ್ನು ಗಟ್ಟಿಯಾಗಿ ಕೂಗಿ ಹೇಳುವ ಪೆಟ್ಟಿಗೆ ಇಟ್ಟಿರುವುದು ಸುಮ್ಮನೆ ಅಲ್ಲ. ಅದು ಸಂತೆಯಲ್ಲಿ ಸುತ್ತ ನಿಂತಿದ್ದ ಹತ್ತು ಜನರ ಕೆಲಸ ಮಾಡುತ್ತಿದೆ.

ಆರನೆಯದಾಗಿ, ಫೋನಿನ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದವನ ಜೊತೆ ಮಾತು ಮುಂದುವರಿಸಬೇಡಿ. ಇಂತಹ ಆ್ಯಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಒಟಿಪಿ ಕೇಳುವವನಿಗೂ ಲಿಂಕ್ ಒತ್ತಿ ಎನ್ನುವವನಿಗೂ ಇದೇ ಮಾತು ಅನ್ವಯಿಸುತ್ತದೆ.

ಕಡೆಯದಾಗಿ, ಅವಸರ. ಈಗಲೇ, ಐದು ನಿಮಿಷದಲ್ಲಿ, ಕರೆ ಕಟ್ ಮಾಡದೆ ಎಂದವನಿಗೆ, ಮಗಳು ಬಂದ ಮೇಲೆ ನೋಡುತ್ತೇನೆ ಎಂದುಬಿಡಿ. ಖಿಯಾರ್ ನಿಮ್ಮ ಹಕ್ಕು. ಮನೆಯ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರುವುದು ಅನುಮಾನವಲ್ಲ, ಸಾಕ್ಷಿ ಇಟ್ಟುಕೊಳ್ಳುವ ಹಳೆಯ ಸಂಪ್ರದಾಯ.

ನಾಚಿಕೆ ಯಾರದು?

ಇಷ್ಟೆಲ್ಲ ತಿಳಿದೂ ಮೋಸ ಹೋಗಬಹುದು. ಹೋದರೆ ಮೊದಲ ಕೆಲಸ 1930 ಸಂಖ್ಯೆಗೆ ಕರೆ ಮಾಡುವುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಹೋಗುತ್ತದೆ. ಬೇಗ ತಿಳಿಸಿದರೆ ಯಾವುದಾದರೂ ಖಾತೆಯಲ್ಲಿ ಅದನ್ನು ತಡೆಹಿಡಿಯಲು ಸಾಧ್ಯ, ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಜನರ ಬಾಯಲ್ಲಿ ವಂಚಕನಿಗೆ ಇಂದಿಗೂ ‘ಫೋರ್ ಟ್ವೆಂಟಿ’ ಎಂದೇ ಹೆಸರು. 1860ರ ದಂಡಸಂಹಿತೆಯ ಆ 420ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಬಂದಿದೆ. ಅಂಕಿ ಬದಲಾದರೂ ಅಪರಾಧ ಅದೇ.

ಮೇಷ್ಟ್ರು ಕರೆ ಮಾಡಲಿಲ್ಲ. ನಾಲ್ಕು ದಿನ ನಾಚಿಕೆಯಲ್ಲಿ ಕಳೆದರು. ಮಕ್ಕಳಿಗೆ ಬುದ್ಧಿ ಹೇಳುವವನೇ ಹೀಗೆ ಮೋಸಹೋದೆನಲ್ಲ ಎಂಬುದು ಅವರ ಸಂಕಟ. ಊರವರಿಗೆ ತಿಳಿದ ಮೇಲೆ ನಕ್ಕವರೂ ಇದ್ದರು. ನಮಗೆ ಈ ನಗು ಆ ಮೋಸಕ್ಕಿಂತ ಹೆಚ್ಚು ಕಳವಳ ತಂದಿತು. ಏಡನ್‌ನ ವರ್ತಕರು ಖಂಡನಾ ಪತ್ರ ಬರೆಯಲು ಹೊರಟದ್ದು ಮೋಸ ಮಾಡಿದ ಕಾರ್ದಾರನಿಗೆ, ಮೋಸ ಹೋದ ತಮ್ಮ ಮಂಗಳೂರಿನ ಪಾಲುದಾರನಿಗಲ್ಲ. ಪ್ರವಾದಿ(ಸ)ರು ಕೈ ಹಾಕಿ ತೋರಿಸಿದ ಒದ್ದೆ ಧಾನ್ಯಕ್ಕೆ ಉತ್ತರ ಕೊಡಬೇಕಾಗಿದ್ದವನು ರಾಶಿಯ ಒಡೆಯನೇ ಹೊರತು ಕೊಳ್ಳಲು ಬಂದವನಲ್ಲ. ನಾವು ನಾಚಿಕೆಯ ವಿಳಾಸವನ್ನೇ ಬದಲಿಸಿಬಿಟ್ಟಿದ್ದೇವೆ. ಮೋಸಹೋದವನು ತಲೆ ತಗ್ಗಿಸಿ ಸುಮ್ಮನಿದ್ದಷ್ಟು ದಿನ ಮೋಸಗಾರನಿಗೆ ಲಾಭ.

ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಇಂತಹ ವಂಚನೆಗಳ ಸುದ್ದಿಯಲ್ಲಿ ಜಾರ್ಖಂಡಿನ ಜಾಮ್ತಾರಾ, ಹರಿಯಾಣ-ರಾಜಸ್ಥಾನ ಗಡಿಯ ಮೇವಾತ್ ಮುಂತಾದ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅಲ್ಲಿ ಅಪರಾಧ ಮಾಡಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಕೆಲವರ ಅಪರಾಧಕ್ಕೆ ಇಡೀ ಊರಿಗೋ ಸಮುದಾಯಕ್ಕೋ ಮುದ್ರೆ ಒತ್ತುವುದು ಬ್ರಿಟಿಷರು ಕಲಿಸಿದ ಚಾಳಿ. 1871ರ ಕಾಯ್ದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಬುಡಕಟ್ಟುಗಳ ಪಟ್ಟಿ ಮಾಡಿತು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದು ಮಾಡಿತು. ಮನಸ್ಸಿನಲ್ಲಿರುವ ಪಟ್ಟಿ ಮಾತ್ರ ಇನ್ನೂ ರದ್ದಾಗಿಲ್ಲ. ಅದರ ಜೊತೆಗೆ ನಮ್ಮನ್ನು ನಾವೂ ಕೇಳಿಕೊಳ್ಳಬೇಕು. ವ್ಯಾಪಾರದ ನೀತಿಯನ್ನು ಭಾಷಣದಲ್ಲಿ ಹೇಳುವ ನಮ್ಮ ಅಂಗಡಿಗಳ ತಕ್ಕಡಿ ಸರಿಯಾಗಿದೆಯೆ? ಹಳೆಯ ಮೊಬೈಲನ್ನು ಮಾರುವಾಗ ಅದರ ದೋಷವನ್ನು ನಾವೇ ಹೇಳುತ್ತೇವೆಯೆ?

ಮೇಷ್ಟ್ರ ಹಣ ಮರಳಿ ಬರಲಿಲ್ಲ. ಸೋಫಾವನ್ನು ಗುಜರಿಯ ಹಿರಿಯರೇ ಕೊಂಡರು. ಕುಳಿತು ನೋಡಿದರು, ಸ್ಪ್ರಿಂಗ್ ಒತ್ತಿ ನೋಡಿದರು, ಹಿಂದಿನ ಕಾಲು ಅಲ್ಲಾಡುತ್ತದೆ ಎಂದು ತಕರಾರು ತೆಗೆದರು. ಹನ್ನೆರಡು ಸಾವಿರ ಕೇಳಿದ್ದಕ್ಕೆ ಆರರಿಂದ ಆರಂಭಿಸಿ ಏಳೂವರೆಗೆ ನಿಂತರು. ನೋಟುಗಳನ್ನು ಎರಡು ಸಲ ಎಣಿಸಿ ಮೇಷ್ಟ್ರ ಕೈಗಿಟ್ಟು, ಎಣಿಸ್ಕೊಳ್ಳಿ ಎಂದರು. ಮೇಷ್ಟ್ರು ಎಣಿಸಿಕೊಂಡರು. ಆಮೇಲೆ ಇಬ್ಬರೂ ಸೇರಿ ಸೋಫಾವನ್ನು ಎತ್ತಿ ಗಾಡಿಗೆ ಇಟ್ಟರು.